2ಕೆ ಕ್ಲಿಯರ್ ಕೋಟ್ ಸ್ಪ್ರೇ ಕ್ಯಾನ್: ಬಂಪರ್‌ಗೆ ಸೈ, ಕಾರಿನ ಟಾಪ್‌ಗೆ ಬೇಡ

ಕಾರಿನ ಬಣ್ಣದ ಮೇಲೆ ಹೊಳಪಿಗೂ ರಕ್ಷಣೆಗೂ ಹೊಡೆಯುವ ಪಾರದರ್ಶಕ ಪದರವೇ ಕ್ಲಿಯರ್ ಕೋಟ್. ಜರ್ಮನಿಯ ಪೀಟರ್ ಕ್ವಾಸ್ನಿ ಕಂಪನಿಯ ಸ್ಪ್ರೇಮ್ಯಾಕ್ಸ್ 2ಕೆ (ಎರಡು ಘಟಕಗಳ) ಕ್ಲಿಯರ್ ನೋಡಲು ಮಾಮೂಲಿ ಸ್ಪ್ರೇ ಡಬ್ಬಿಯೇ. ವ್ಯತ್ಯಾಸ ಇರುವುದು ಒಳಗೆ. ಹಾರ್ಡ್‌ನರ್ (ಕ್ಲಿಯರ್ ಅನ್ನು ಗಟ್ಟಿಯಾಗಿಸುವ ರಾಸಾಯನಿಕ) ತುಂಬಿದ ಇನ್ನೊಂದು ಪುಟ್ಟ ಡಬ್ಬಿ ಅಲ್ಲಿ ಕೂತಿರುತ್ತದೆ. ಮುಚ್ಚಳದಲ್ಲಿರುವ ಕೆಂಪು ಗುಂಡಿಯನ್ನು ತೆಗೆದು, ಡಬ್ಬಿ ತಲೆಕೆಳಗೆ ಮಾಡಿ, ತಳದ ಕಡ್ಡಿಗೆ ಸಿಕ್ಕಿಸಿ ಒತ್ತಿದರೆ ಒಳಡಬ್ಬಿ ತೂತಾಗಿ ಎರಡೂ ಬೆರೆಯುತ್ತವೆ. ಒತ್ತುವ ಮೊದಲು ಎರಡು ನಿಮಿಷ, ಒತ್ತಿದ ಮೇಲೆ ಮತ್ತೆರಡು ನಿಮಿಷ ಚೆನ್ನಾಗಿ ಅಲುಗಾಡಿಸಬೇಕು. ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ಬೆರೆತದ್ದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಬಳಕೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅಷ್ಟು ಹೊತ್ತು ನಂಬಬೇಡಿ, ಅದೇ ದಿನ ಮುಗಿಸಿ. ಎರಡು ಡಬ್ಬಿ ತಂದಿದ್ದರೆ ಮೊದಲನೆಯದು ಸಾಲುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಎರಡನೆಯದನ್ನು ಒತ್ತಬಾರದು.

ಬೆಲೆ ಸಾಮಾನ್ಯ 1ಕೆ (ಹಾರ್ಡ್‌ನರ್ ಇಲ್ಲದ, ಒಂದೇ ಘಟಕದ) ಲ್ಯಾಕರ್ ಡಬ್ಬಿಗಿಂತ ಹಲವು ಪಟ್ಟು. ಅದಕ್ಕೆ ಕಾರಣವಿದೆ. 1ಕೆ ಬರೀ ಥಿನ್ನರ್ ಆರಿ ಗಟ್ಟಿಯಾಗುವಂಥದ್ದು. ಒಣಗಿದ ಮೇಲೂ ಪೆಟ್ರೋಲ್ ಬಿದ್ದರೆ ಮೆತ್ತಗಾಗುತ್ತದೆ. ಟ್ಯಾಂಕ್ ಮುಚ್ಚಳದ ಸುತ್ತ ಹೊಡೆದು ನೋಡಿದರೆ ಗೊತ್ತಾಗುತ್ತದೆ. 2ಕೆ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುವುದರಿಂದ ಪೆಟ್ರೋಲಿಗೂ ಬಿಸಿಲಿಗೂ ತಡೆಯುತ್ತದೆ. ಪೇಂಟರ್ ಗನ್‌ನಲ್ಲಿ ಹೊಡೆಯುವ ಕ್ಲಿಯರ್‌ನ ಜಾತಿಯೇ ಇದು. ಕ್ಯಾನ್‌ಗಳಲ್ಲಿ ಕಾರಿನ ಹೊರಮೈಗೆ ಕೊಳ್ಳುವಂಥದ್ದು ಇದೊಂದೇ ಬಗೆ.

ಆದರೆ ಕೆಲಸ ಕೆಡುವುದು ಡಬ್ಬಿಯಿಂದಲ್ಲ, ಬಹುಪಾಲು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಂತದಲ್ಲೇ. ಮೊದಲು ನೀರು ಚಿಮುಕಿಸಿ ನೋಡಿ. ಮಂಕಾದ ಜಾಗ ಒದ್ದೆಯಾದಾಗ ಹೊಳಪು, ಆಳ ಎರಡೂ ಬಂದರೆ ಹೊಸ ಕ್ಲಿಯರ್ ಅಡಿಯಲ್ಲೂ ಹಾಗೇ ಕಾಣುತ್ತದೆ. ಒದ್ದೆಯಲ್ಲೂ ಮೆಟಾಲಿಕ್ ಬಣ್ಣ ತೇಪೆತೇಪೆಯಾಗಿ ಕಂಡರೆ ಕ್ಲಿಯರ್ ಎಷ್ಟು ಹೊಡೆದರೂ ತೇಪೆಯೇ. ಬೇಸ್ ಕೋಟ್‌ನಿಂದ, ಅಂದರೆ ಕ್ಲಿಯರ್ ಅಡಿಯ ಬಣ್ಣದ ಪದರದಿಂದ ಶುರುಮಾಡಬೇಕು.

ಕ್ಲಿಯರ್ ಸಿಪ್ಪೆ ಏಳುತ್ತಿದ್ದರೆ ಆ ಸಿಪ್ಪೆಯ ಅಂಚನ್ನಷ್ಟೇ ಉಜ್ಜಿ ಮೇಲೆ ಹೊಡೆಯುವುದು ವ್ಯರ್ಥ. ಗಟ್ಟಿಯಾಗಿ ಕಾಣುವ ಭಾಗವೂ ಒಳಗಿಂದ ಬಿಟ್ಟುಕೊಂಡಿರುತ್ತದೆ, ಹೊಸ ಪದರವನ್ನೂ ಎಳೆದುಕೊಂಡು ಏಳುತ್ತದೆ. ಏಳದಿದ್ದರೂ ಹಳೆಯ ಅಂಚು ಭೂಪಟದ ಗಡಿರೇಖೆಯಂತೆ ಮೂಡಿ ಕಾಣುತ್ತದೆ. ಅಂಥ ಪ್ಯಾನಲ್‌ನಲ್ಲಿ ಹಳೆಯ ಕ್ಲಿಯರ್ ಪೂರ್ತಿ ತೆಗೆಯಬೇಕು.

ಮಂಕು, ಸಣ್ಣ ಗೀರು ಮಾತ್ರ ಇದ್ದರೆ ರಬ್ಬರ್ ಬ್ಲಾಕ್‌ಗೆ 800 ನಂಬರ್ ವಾಟರ್ ಪೇಪರ್ ಸುತ್ತಿ, ಸೋಪಿನ ನೀರಿನಲ್ಲಿ ಉಜ್ಜಿ, 1000ರಲ್ಲಿ ಮುಗಿಸಿ. ಮೂಲೆ, ಹಿಡಿಕೆಯ ಸಂದಿಗೆ ಬೂದು ಬಣ್ಣದ ಸ್ಕಾಚ್‌ಬ್ರೈಟ್ ಉಜ್ಜುಪ್ಯಾಡ್. ಎಲ್ಲೂ ಹೊಳಪಿನ ಚುಕ್ಕೆ ಉಳಿಯಬಾರದು, ಉಳಿದಲ್ಲಿ ಕ್ಲಿಯರ್ ಹಿಡಿಯುವುದಿಲ್ಲ. ಕಾರು ಕಾರ್ಖಾನೆಯಲ್ಲಿ ಹೊಡೆದ ಕ್ಲಿಯರ್‌ನ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ, ಏಣುಗಳಲ್ಲಿ ಇನ್ನೂ ತೆಳು. ಉಜ್ಜುವಾಗ ಬರುವ ಕೆಸರು ಹಾಲಿನ ಬಣ್ಣದ್ದಿದ್ದರೆ ಕ್ಲಿಯರ್‌ನಲ್ಲೇ ಇದ್ದೀರಿ. ಕಾರಿನ ಬಣ್ಣ ಬಂದರೆ ಕೈ ನಿಲ್ಲಿಸಿ, ಬೇಸ್ ಮುಟ್ಟಿದ್ದೀರಿ. (ಕ್ಲಿಯರ್ ಇಲ್ಲದ ಹಳೆಯ ಸಾದಾ ಬಣ್ಣಗಳಲ್ಲಿ ಮೊದಲ ಉಜ್ಜಿಗೇ ಬಣ್ಣ ಬರುತ್ತದೆ, ಗಾಬರಿ ಬೇಡ.)

ಒರೆಸಲು ಸೀಮೆಎಣ್ಣೆ ಬೇಡವೇ ಬೇಡ, ಜಿಡ್ಡು ಬಿಟ್ಟುಹೋಗುತ್ತದೆ. ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣವನ್ನೇ ಬಳಸಿ. ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದರಲ್ಲಿ ತೆಗೆಯಿರಿ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್‌ಗಳ ಸಿಲಿಕೋನ್ ಒಂದಿಷ್ಟು ಉಳಿದರೂ ಕ್ಲಿಯರ್ ಅಲ್ಲಿ ಮೀನಿನ ಕಣ್ಣಿನಂತೆ ಗುಳಿ ಬಿದ್ದು ಸರಿಯುತ್ತದೆ. ಬಂಪರ್‌ನಲ್ಲಿ ಪ್ಲಾಸ್ಟಿಕ್ ಕಂಡಿದ್ದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್.

ಹೊಡೆಯುವಾಗ 15ರಿಂದ 20 ಸೆಂಟಿಮೀಟರ್ ದೂರ, ಒಂದರ ಮೇಲೊಂದು ಅರ್ಧ ಬೀಳುವಂತೆ ಸಾಲು. ಮೊದಲ ಕೋಟ್ ತೆಳ್ಳಗೆ, ಹತ್ತು ನಿಮಿಷ ಬಿಟ್ಟು ಎರಡನೆಯದು ತುಂಬು ಒದ್ದೆಯಾಗಿ. ಒಣದಾಗಿ ಹೊಡೆದರೆ ಕಿತ್ತಳೆ ಸಿಪ್ಪೆಯ ತರಿತರಿ, ಆಸೆಪಟ್ಟು ಮೂರನೆಯದು ಸುರಿದರೆ ಸೋರಿಕೆ. ಬಿಸಿಲಲ್ಲಿ ಕಾದ ತಗಡಿನ ಮೇಲೆ ಹೊಡೆದರೆ ಮೇಲ್ಪದರ ಮೊದಲೇ ಕಟ್ಟಿ, ಒಳಗಿನ ಥಿನ್ನರ್ ಗುಳ್ಳೆಗಳಾಗಿ ಒಡೆಯುತ್ತದೆ. ಮಳೆಗಾಲದ ತೇವದಲ್ಲಂತೂ ಹಾರ್ಡ್‌ನರ್ ನೀರಿನೊಂದಿಗೂ ಪ್ರತಿಕ್ರಿಯಿಸುತ್ತದೆ. ಪ್ಯಾನಲ್ ನಡುವೆ ನಿಲ್ಲಿಸಿ ಅಂಚನ್ನು ಹಳೆಯ ಕ್ಲಿಯರ್‌ನಲ್ಲಿ ಕರಗಿಹೋದಂತೆ ಮಸುಕುಮಾಡುವ ಜಾಣತನವೂ ಬೇಡ, ಆ ಅಂಚೇ ಮೊದಲು ಏಳುವುದು. ಬಾಗಿಲಾದರೆ ಬಾಗಿಲಿನ ತುದಿಯವರೆಗೂ ಹೋಗಿ.

ದೊಡ್ಡ ಕೊರತೆ ಹಾರ್ಡ್‌ನರ್‌ನದೇ. ಅದು ಐಸೋಸಯನೇಟ್ ಎಂಬ ರಾಸಾಯನಿಕ. ಒಮ್ಮೆ ಶ್ವಾಸಕೋಶಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ತೀರ ಕಡಿಮೆ ಪ್ರಮಾಣವೂ ಆಸ್ತಮಾ ಕೆರಳಿಸುತ್ತದೆ. ವಾಸನೆ ಬರುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ ಇದನ್ನು ವೃತ್ತಿಯಲ್ಲಿ ಬಳಸುವವರಿಗೆ ತರಬೇತಿ ಕಡ್ಡಾಯ. ಮುಖಕ್ಕೆ ಕಟ್ಟುವ ಕರವಸ್ತ್ರ, ಎನ್95 ಯಾವುದೂ ಆವಿ ತಡೆಯುವುದಿಲ್ಲ. ಸಾವಯವ ಆವಿ ಮತ್ತು ಕಣ ಎರಡಕ್ಕೂ ಫಿಲ್ಟರ್ ಇರುವ ಹೊಸ ಎ2ಪಿ2 ಮಾಸ್ಕ್, ಕನ್ನಡಕ, ನೈಟ್ರೈಲ್ ಕೈಗವಸು ಕನಿಷ್ಠ. ಇವುಗಳ ಖರ್ಚನ್ನೂ ಡಬ್ಬಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹೊಡೆಯುವ ಯೋಚನೆ ಬಿಟ್ಟುಬಿಡಿ.

ಕನ್ನಡಿಯ ಕವಚ, ಬಂಪರ್, ಒಂದು ಬಾಗಿಲು: ಇಷ್ಟಕ್ಕೆ ಈ ಡಬ್ಬಿ ಹಣಕ್ಕೆ ಮೋಸವಿಲ್ಲ. ಬಾನೆಟ್‌ಗೆ ಎರಡು ಡಬ್ಬಿ ಬೇಕಾಗುತ್ತದೆ, ನಡುವೆ ಡಬ್ಬಿ ಬದಲಿಸುವಷ್ಟರಲ್ಲಿ ಒದ್ದೆ ಅಂಚು ಆರಿರುತ್ತದೆ. ಟಾಪ್ ಅಂತೂ ಬೂತ್ (ಧೂಳು ಬರದಂತೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಡೆಂಟಿಂಗ್-ಪೇಂಟಿಂಗ್‌ನವರ ಕೆಲಸ. ಕೈ ಎಟುಕದ ನಡುಭಾಗ ಡಬ್ಬಿಯಲ್ಲಿ ಸಮನಾಗಿ ಬರುವುದು ಕಷ್ಟ.

ಕೂತ ಧೂಳು, ತರಿ ತೆಗೆಯಲು ಕನಿಷ್ಠ 24 ಗಂಟೆ ಬಿಟ್ಟು 1500, 2000, 3000 ನಂಬರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ವ್ಯಾಕ್ಸ್ ಮಾತ್ರ ಒಂದು ತಿಂಗಳು ಬೇಡ.