ಎರಡೂ ಫ್ರೀ ಕೋಡ್, ಆದರೆ ಸೇರಿಸಿ ಹಂಚುವಂತಿಲ್ಲ

ಹೊರಗಿನವರ ಕೈಲಿ ಕೋಡ್ ಬರೆಸುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ಸಾಫ್ಟ್‌ವೇರಿನ ಡೆಸ್ಕ್‌ಟಾಪ್ ಆವೃತ್ತಿಯನ್ನು ಗುತ್ತಿಗೆಗೆ ಕೊಟ್ಟಿದ್ದೆವು. ಚೆನ್ನಾಗಿಯೇ ಮಾಡಿಕೊಟ್ಟರು, ಗ್ರಾಹಕರ ಕೈಗೂ ಹೋಯಿತು. ಆಮೇಲೆ ದೊಡ್ಡ ಗ್ರಾಹಕರೊಬ್ಬರು ಖರೀದಿಗೆ ಮುಂಚೆ ಲೈಸೆನ್ಸ್ ಸ್ಕ್ಯಾನ್ ಮಾಡಿಸಿದರು, ಅಂದರೆ ಒಳಗಿರುವ ಯಾವ ಕೋಡಿಗೆ ಯಾವ ಬಳಕೆ ಷರತ್ತು ಅನ್ನುವ ತಪಾಸಣೆ. ಸಿಕ್ಕಿಬಿದ್ದದ್ದು ಒಂದು ಇಮೇಜ್ ಲೈಬ್ರರಿ, ಅಂದರೆ ಚಿತ್ರಗಳ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಅದರ ಲೈಸೆನ್ಸ್ ಜಿಪಿಎಲ್ 2: ಇದನ್ನು ಸೇರಿಸಿ ಹಂಚಿದರೆ ನಿಮ್ಮ ಕೋಡನ್ನೂ ಇದೇ ಷರತ್ತಿನಲ್ಲಿ ತೆರೆದಿಡಿ ಅನ್ನುವಂಥದ್ದು. ಅದೇ ಬೈನರಿಯಲ್ಲಿ (ಗ್ರಾಹಕರಿಗೆ ಕೊಡುವ ಸಿದ್ಧ ಪ್ರೋಗ್ರಾಂ ಫೈಲಿನಲ್ಲಿ) ಸೇರಿಕೊಂಡಿದ್ದ ಇನ್ನೊಂದು ಲೈಬ್ರರಿಯದ್ದು ಅಪಾಚೆ 2.0 ಅನ್ನುವ ಬೇರೆ ಫ್ರೀ ಲೈಸೆನ್ಸ್. ಇವೆರಡೂ ಒಟ್ಟಿಗೆ ಹೊಂದುವುದಿಲ್ಲ. ಖರೀದಿ ಅಲ್ಲಿಗೇ ನಿಂತಿತು.

'ಸರಿ ಬಿಡಿ, ನಮ್ಮ ಕೋಡನ್ನೂ ಓಪನ್ ಮಾಡಿಬಿಡೋಣ' ಅಂದರು ಟೀಮಿನಲ್ಲೊಬ್ಬರು. ಜಾಸ್ತಿ ಜನ ಹೀಗೇ ಅಂದುಕೊಂಡಿರುತ್ತಾರೆ, ಅಲ್ವಾ? ಅದರಿಂದ ಏನೂ ಬಗೆಹರಿಯುವುದಿಲ್ಲ. ತನ್ನಲ್ಲಿಲ್ಲದ ಹೆಚ್ಚುವರಿ ನಿರ್ಬಂಧ ಹೇರಬಾರದು ಅನ್ನುತ್ತದೆ ಜಿಪಿಎಲ್ 2ರ 6ನೇ ಕಲಂ. ಅಪಾಚೆ 2.0ರಲ್ಲೋ, ಆ ಕೋಡಿನ ವಿರುದ್ಧ ಪೇಟೆಂಟ್ ಕೇಸ್ ಹಾಕಿದವರ ಪೇಟೆಂಟ್ ಅನುಮತಿ ರದ್ದಾಗುತ್ತದೆ ಅಂತಿದೆ. ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇಂಥದ್ದನ್ನು ಹೆಚ್ಚುವರಿ ನಿರ್ಬಂಧ ಅಂತಲೇ ಲೆಕ್ಕ ಹಿಡಿಯುತ್ತದೆ. ಎರಡೂ ಷರತ್ತು ಒಟ್ಟಿಗೆ ಪಾಲಿಸಲಾಗದಿದ್ದರೆ ಹಂಚಲೇಬೇಡಿ ಅನ್ನುವುದು ಜಿಪಿಎಲ್ 2ರ 7ನೇ ಕಲಂ. ಅಂದರೆ ಕೋಡ್ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ.

2007ರಲ್ಲಿ ಬಂದ ಜಿಪಿಎಲ್ 3 ಈ ಗಂಟು ಬಿಡಿಸಿದೆ. ಅಪಾಚೆ 2.0 ಕೋಡನ್ನು ಅದರೊಳಗೆ ಸೇರಿಸಬಹುದು, ಉಲ್ಟಾ ಮಾಡುವಂತಿಲ್ಲ. ಹಾಗಾಗಿ ಇಮೇಜ್ ಲೈಬ್ರರಿಯ ಹೆಡರ್‌ನಲ್ಲಿ (ಫೈಲಿನ ಶುರುವಿನಲ್ಲಿರುವ ಲೈಸೆನ್ಸ್ ಟಿಪ್ಪಣಿಯಲ್ಲಿ) 'ಆವೃತ್ತಿ 2 ಅಥವಾ ಅದರ ನಂತರದ್ದು' ಅಂತಿದ್ದರೆ ದಾರಿಯಿತ್ತು. ಫೈಲ್ ತೆರೆದರೆ ಹೆಡರೇ ಇಲ್ಲ! ಅದನ್ನು ಅಳಿಸಿ, ಗುತ್ತಿಗೆಯವರು ತಮ್ಮ ಕಂಪನಿಯ ಹೆಸರು ಬರೆದುಕೊಂಡಿದ್ದರು. ಮೂಲ ಫೈಲ್ ಹುಡುಕಿ ನೋಡಿದೆವು. 'ಆವೃತ್ತಿ 2 ಮಾತ್ರ' ಅಂತ ಸ್ಪಷ್ಟವಾಗಿತ್ತು. ಕೇಳಿದರೆ 'ನೆಟ್‌ನಲ್ಲಿ ಫ್ರೀ ಇತ್ತು ಸಾರ್' ಅನ್ನುವ ಉತ್ತರ.

ಲೈಬ್ರರಿ ಕಿತ್ತು ಬೇರೆಯದನ್ನು ಹಾಕಿದ್ದು ಸುಲಭದ ಭಾಗ. ಆಗಲೇ ಹಂಚಿಹೋದ ಪ್ರತಿಗಳದ್ದೇ ತಲೆನೋವು. ಜಿಪಿಎಲ್ 2 ಮುರಿದರೆ 4ನೇ ಕಲಂ ಪ್ರಕಾರ ಹಕ್ಕು ತಾನಾಗಿಯೇ ಹೋಗುತ್ತದೆ. ಸರಿಪಡಿಸಿಕೊಂಡವರಿಗೆ ಹಕ್ಕು ವಾಪಸ್ ಸಿಗುವ ಏರ್ಪಾಡು ಜಿಪಿಎಲ್ 3ರಲ್ಲಿದೆ, ಜಿಪಿಎಲ್ 2ರಲ್ಲಿಲ್ಲ. ಆ ಲೈಬ್ರರಿಗೆ ಕೋಡ್ ಬರೆದವರು ಹಲವರು, ಅವರವರ ಸಾಲುಗಳ ಕಾಪಿರೈಟ್ ಅವರವರದ್ದೇ. ಒಬ್ಬೊಬ್ಬರನ್ನೇ ಹುಡುಕಿ ಮೇಲ್ ಬರೆಯಬೇಕಾಯಿತು. ಕೆಲವರು ಒಪ್ಪಿದರು. ಕೆಲವರ ಮೇಲ್ ವಿಳಾಸವೇ ಈಗ ಚಾಲ್ತಿಯಲ್ಲಿಲ್ಲ.

'ಫ್ರೀ ಕೋಡಿಗೆ ಯಾರು ಕೋರ್ಟಿಗೆ ಹೋಗ್ತಾರೆ' ಅನ್ನಬೇಡಿ. ಓಪನ್ ಸೋರ್ಸ್ ಷರತ್ತು ಮುರಿದರೆ ಅದು ಕಾಪಿರೈಟ್ ಉಲ್ಲಂಘನೆ ಆಗಬಹುದು ಅಂತ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2008ರಲ್ಲೇ ಜೇಕಬ್‌ಸನ್–ಕಾಟ್ಜರ್ ಕೇಸಿನಲ್ಲಿ ಹೇಳಿದೆ.

ಗುತ್ತಿಗೆ ಕೊಡುವಾಗ ಪ್ರತಿ ಲೈಬ್ರರಿಯ ಲೈಸೆನ್ಸ್ ಪಟ್ಟಿ ಕೇಳಿ. ಲೈಬ್ರರಿಯೊಳಗಿನ ಲೈಬ್ರರಿಗಳದ್ದೂ ಬೇಕು. ಸುಮ್ನೆ 'ಜಿಪಿಎಲ್' ಅಂತ ಬರೆದುಕೊಟ್ಟರೆ ತಗೋಬೇಡಿ, 'ಮಾತ್ರ'ವೋ 'ನಂತರದ್ದೂ' ಸೇರಿಯೋ ಬರೆಸಿಕೊಳ್ಳಿ. ಹೆಡರ್ ಅಳಿಸಿದ್ದು ಪತ್ತೆಯಾದರೆ ಖರ್ಚು ಅವರದ್ದೇ ಅಂತ ಒಪ್ಪಂದದಲ್ಲಿರಲಿ. ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ. ಬಾಕಿ ಪೂರ್ತಿ ಸಿಕ್ಕ ಮೇಲೆ ನಮ್ಮ ಗುತ್ತಿಗೆಯವರು ಫೋನೇ ಎತ್ತುತ್ತಿಲ್ಲ.