ಕಾರಿನ ಕಿಟಕಿಗೆ ಬಬಲ್ ಶೀಟ್ ಕವರ್: ಬೇಸಿಗೆಗೆ ಸೈ, ಮಳೆಗಾಲಕ್ಕೆ ಅಯ್ಯೋ

ಕಾರಲ್ಲಿ ಮಲಗುವವರಿಗೆ ಹಾಸಿಗೆಗಿಂತ ಮೊದಲು ಬೇಕಾದದ್ದು ಕಿಟಕಿ ಕವರ್. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ರಾತ್ರಿಯಿಡೀ ಉರಿಯುವ ದೀಪ, ಲಾರಿಗಳ ಹೆಡ್‌ಲೈಟ್, ಸಾಲದ್ದಕ್ಕೆ ಗಾಜಿಗೆ ಮುಖ ಒತ್ತಿ ಒಳಗೆ ಇಣುಕುವ ಜನ. ನಮ್ಮದು ಹಳೇ ಎರ್ಟಿಗಾ. ಹಿಂದಿನ ಎರಡೂ ಸಾಲು ಸೀಟು ಮಡಚಿದರೆ ಇಬ್ಬರು ಆರಾಮಾಗಿ ಕಾಲು ಚಾಚಬಹುದು. ಲಾಡ್ಜ್ ಖರ್ಚು ಉಳಿಯುತ್ತದೆ, ಅಷ್ಟೇ ಉದ್ದೇಶ. ಆನ್‌ಲೈನ್‌ನಲ್ಲಿ ಸಿಗುವ ಜಾಲರಿ ಪರದೆ ನಮಗೆ ಸರಿಹೋಗಲ್ಲ. ರಾತ್ರಿ ಒಳಗೆ ಲೈಟ್ ಹಾಕಿದರೆ ಹೊರಗಿನವರಿಗೆ ಎಲ್ಲಾ ಕಾಣುತ್ತದೆ. ಹಾಗಾಗಿ ಮನೆಯಲ್ಲೇ ಮಾಡಿದ್ದು. ಖರ್ಚು ಸಾವಿರದೈನೂರು ರೂಪಾಯಿ ದಾಟಲಿಲ್ಲ.

ಶೀಟಿನ ಮನೆಗಳಲ್ಲಿ ಸೆಕೆ ತಡೆಯಲು ಮಾಡಿನ ಕೆಳಗೆ ಹಾಕುತ್ತಾರಲ್ಲ, ಬೆಳ್ಳಿ ಬಣ್ಣದ ಬಬಲ್ ಶೀಟ್, ಅದೇ ಇದರ ಜೀವಾಳ. ಒಂದು ಮಗ್ಗುಲಿಗೆ ಚಿಕ್ಕಪೇಟೆಯಿಂದ ತಂದ ಕಪ್ಪು ಕಾಟನ್ ಬಟ್ಟೆ. ಅಂಚಿಗೆ ಪೈಪಿಂಗ್ ಹೊಲಿಯಲು ನಮ್ಮ ಬೀದಿಯ ಟೈಲರ್ ಒಪ್ಪಿದರು, ಆದರೆ "ಸೂಜಿ ಮುರಿದ್ರೆ ನಿಮ್ದೇ ಲೆಕ್ಕ ಸಾರ್" ಅಂತ ಮೊದಲೇ ಹೇಳಿದರು. ಅಳತೆಗೆ ಟೇಪು ಹಿಡಿಯಬೇಡಿ, ಕಾರಿನ ಕಿಟಕಿಯಲ್ಲಿ ನೆಟ್ಟಗಿನ ಗೆರೆ ಒಂದೂ ಇಲ್ಲ. ಒಳಗಿನಿಂದ ಗಾಜಿಗೆ ನ್ಯೂಸ್‌ಪೇಪರ್ ಅಂಟಿಸಿ, ರಬ್ಬರ್ ಬೀಡಿಂಗ್ ಉದ್ದಕ್ಕೂ ಉಗುರಿನಿಂದ ಗೀರಿ, ಆ ಗೀರಿಗಿಂತ ಒಂದು ಸೆಂಟಿಮೀಟರ್ ಹೊರಗೆ ಕತ್ತರಿಸಿ. ಆ ಒಂದು ಸೆಂಟಿಮೀಟರೇ ಕವರನ್ನು ಬೀಡಿಂಗ್ ಒಳಗೆ ಗಟ್ಟಿಯಾಗಿ ಹಿಡಿಯುವುದು. ಟೇಪು, ಅಂಟು ಏನೂ ಬೇಕಿಲ್ಲ.

ನನಗೆ ತುಂಬಾ ಖುಷಿ ಕೊಟ್ಟದ್ದು ಸಂಜೆಯ ಅದಲುಬದಲು. ಹಗಲಲ್ಲಿ ಬೆಳ್ಳಿ ಮಗ್ಗುಲು ಹೊರಗೆ, ಬಿಸಿಲನ್ನು ವಾಪಸ್ ಕಳಿಸಲಿಕ್ಕೆ. ಹಂಪಿಯಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಲ್ಲಿ ನಿಲ್ಲಿಸಿ, ಗಾಜು ಸ್ವಲ್ಪ ಇಳಿಸಿ, ಇದೇ ಕವರ್ ಹಾಕಿಕೊಂಡು ನಿದ್ದೆ ಹೊಡೆದಿದ್ದೇವೆ. ರಾತ್ರಿ ಮಾತ್ರ ಬೆಳ್ಳಿ ಆಗಲ್ಲ. ಯಾವುದೋ ಗಾಡಿಯ ಬೆಳಕು ಬಿದ್ದರೆ ಕಾರೇ ಫಳಫಳ ಹೊಳೆದು ವಾಚ್‌ಮನ್ ಬಂದು ಬಾಗಿಲು ಬಡಿಯುತ್ತಾನೆ. ಹಾಗಾಗಿ ಕಪ್ಪು ಹೊರಗೆ ಬರಬೇಕು. ಎಡಗಡೆ ಕವರ್ ಮಗುಚಿದರೆ ಅದು ಎಡ ಕಿಟಕಿಗೆ ಕೂರಲ್ಲ, ಬಲ ಕಿಟಕಿಗೆ ಸರಿಯಾಗಿ ಕೂರುತ್ತದೆ! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಟೀ ಕುಡಿದು ಬಂದ ಮೇಲೆ ನಾನು ಒಂದು ಕಡೆಯಿಂದ, ಹೆಂಡತಿ ಇನ್ನೊಂದು ಕಡೆಯಿಂದ ಕವರ್ ಕಿತ್ತು ಸೀಟಿನ ಮೇಲಿಂದಲೇ ಕೈ ಬದಲಾಯಿಸುತ್ತೇವೆ. ಎರಡು ನಿಮಿಷದಲ್ಲಿ ಕಾರೊಳಗೆ ಕತ್ತಲು.

ಓಡಿಸುವಾಗ ಎಲ್ಲಾ ತೆಗೆದು ಸೀಟಿನ ಕೆಳಗೆ. ಪಕ್ಕದ ಗಾಜಿನಲ್ಲಿ ಕನಿಷ್ಠ 50%, ಮುಂದೆ ಹಿಂದೆ 70% ಬೆಳಕು ಹಾಯಬೇಕು ಅನ್ನುವುದು ನಿಯಮ. ಕವರ್ ಹಾಕಿಕೊಂಡೇ ಹೊರಟರೆ ದಂಡ ಕಟ್ಟಬೇಕಾದೀತು. ಕನ್ನಡಿಯೂ ಕಾಣಲ್ಲ, ಅದು ಬೇರೆ.

ಇಷ್ಟೆಲ್ಲಾ ಹೊಗಳಿದ ಮೇಲೆ ಸಕಲೇಶಪುರದ ಕಥೆ. ಜುಲೈ ಮಳೆ, ಗಾಜು ಪೂರ್ತಿ ಏರಿಸಿ, ಎಲ್ಲಾ ಕವರ್ ಬಿಗಿಯಾಗಿ ಹಾಕಿ ಮಲಗಿದೆವು. ಬೆಳಿಗ್ಗೆ ಕವರ್ ತೆಗೆದರೆ ಗಾಜಿನಿಂದ ನೀರು ಇಳಿಯುತ್ತಿತ್ತು. ಬಾಗಿಲ ಮೇಲಿನ ಸ್ವಿಚ್ ಒದ್ದೆ, ದಿಂಬು ಒದ್ದೆ. ಇಬ್ಬರು ರಾತ್ರಿಯಿಡೀ ಉಸಿರು ಬಿಟ್ಟರೆ ಆ ತೇವ ಎಲ್ಲಿಗೆ ಹೋಗಬೇಕು? ಒಳಗಿನ ಬಿಸಿ ಗಾಜಿಗೆ ತಲುಪದ ಹಾಗೆ ಶೀಟ್ ತಡೆಯುತ್ತದೆ, ಅದರಿಂದ ಗಾಜು ಇನ್ನಷ್ಟು ತಣ್ಣಗಾಗಿ ಹನಿ ಜಾಸ್ತಿ. ಅದನ್ನೆಲ್ಲಾ ಕುಡಿದದ್ದು ಕಾಟನ್ ಬಟ್ಟೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅದನ್ನು ಒಣಗಿಸುವುದೆಲ್ಲಿ? ಮನೆಗೆ ಬರುವಷ್ಟರಲ್ಲಿ ಬೂಷ್ಟು ಹಿಡಿದು ಕಾರಿಡೀ ಮುಗ್ಗು ವಾಸನೆ. ವಿನೆಗರ್ ಹಾಕಿ ತೊಳೆದರೂ ಕಪ್ಪು ಬಟ್ಟೆಯ ಮೇಲಿನ ಬೂದು ಚುಕ್ಕೆ ಹೋಗಲೇ ಇಲ್ಲ. ಮಾಡುವವರು ಕಾಟನ್ ಬಿಟ್ಟು ಛತ್ರಿ ಬಟ್ಟೆ ಹಾಕಿ.

ಈಗಿನ ವ್ಯವಸ್ಥೆ ಬೇರೆ. ಓರೆಯಾಗಿ ಎದುರಾಗುವ ಎರಡು ಕಿಟಕಿ, ಮುಂದಿನ ಎಡ ಮತ್ತು ಹಿಂದಿನ ಬಲ, ಎರಡು ಬೆರಳಷ್ಟು ತೆರೆದಿರುತ್ತವೆ. ಕಿಟಕಿಯ ಮೇಲಂಚಿಗೆ ಸೂರಿನ ಹಾಗೆ ಚಾಚಿರುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಡೋರ್ ವೈಸರ್, ಇರುವುದರಿಂದ ಸಾಧಾರಣ ಮಳೆ ಒಳಗೆ ಬರಲ್ಲ. ಹಳೇ ಸೊಳ್ಳೆ ಪರದೆಯ ತುಂಡನ್ನು ಹೊರಗಿನಿಂದ ಬಾಗಿಲಿನ ಕಬ್ಬಿಣಕ್ಕೆ ಮ್ಯಾಗ್ನೆಟ್ ಇಟ್ಟು ಹಿಡಿಸುತ್ತೇನೆ. ಒಳಗಡೆ ಎಲ್ಲಾ ಪ್ಲಾಸ್ಟಿಕ್ಕು, ಮ್ಯಾಗ್ನೆಟ್ ನಿಲ್ಲಲ್ಲ. ಆ ಎರಡು ಕವರ್‌ಗಳ ಮೇಲ್ತುದಿಯನ್ನು ಅಷ್ಟೇ ಕತ್ತರಿಸಿದ್ದೇನೆ. ಒಂಚೂರು ಬೆಳಕು ಬರುತ್ತದೆ, ಬರಲಿ. ಗಾಜು ಈಗಲೂ ಮಂಜಾಗುತ್ತದೆ, ನೀರು ಇಳಿಯುವುದು ನಿಂತಿದೆ. ಗೋಕರ್ಣದ ಕಡೆ ಸೆಕೆಗೆ ಇದೂ ಸಾಲದು. ಹಾಗಂತ ಇಂಜಿನ್ ಓಡಿಸಿ ಎಸಿ ಹಾಕಿಕೊಂಡು ಮಲಗಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಸೆಕೆ ತಡೆಯದಿದ್ದರೆ ನಾವು ಲಾಡ್ಜ್ ಹಿಡಿಯುತ್ತೇವೆ.

ಇನ್ನೂ ಬಗೆಹರಿಯದ್ದು ಡಿಕ್ಕಿ ಗಾಜಿನ ಕವರ್. ಗಾಜು ಒಳಕ್ಕೆ ವಾಲಿದೆ, ನಡುರಾತ್ರಿ ಕವರ್ ಕಾಲ ಮೇಲೆ ಬೀಳುತ್ತದೆ. ವೆಲ್ಕ್ರೋ ಅಂಟಿಸಿದ್ದೆ, ಬೇಸಿಗೆಯಲ್ಲಿ ಅಂಟೇ ಕರಗಿ ಬಂತು. ಸದ್ಯಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ದಿನ ದೂಡುತ್ತಿದ್ದೇನೆ. ಎರ್ಟಿಗಾ ಇರುವವರು ಯಾರಾದರೂ ಇದಕ್ಕೆ ಉಪಾಯ ಕಂಡುಕೊಂಡಿದ್ದರೆ ಹೇಳಿ.