‘ಹೊಳೆಗೂ ಸೈ, ಸಮುದ್ರಕ್ಕೂ ಸೈ’ ಅಂದರೆ ನಂಬಬೇಡಿ

ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಗೊಳ್ಳೋ ಯೋಚನೆ ಇದೆಯಾ? ಒಂದೇ ದೋಣಿಯಲ್ಲಿ ಹೊಳೆಯಲ್ಲೂ ಬಲೆ ಹಾಕಬೇಕು, ಕಡಲಿಗೂ ಹೋಗಬೇಕು ಅಂತಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ.

ನಮ್ಮದು ಹೊನ್ನಾವರ ಕಡೆ. ಇಳಿತದ ಹೊತ್ತಿಗೆ ಶರಾವತಿಯಲ್ಲಿ ಎಷ್ಟೋ ಕಡೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟಿದರೆ ದೊಡ್ಡ ತೆರೆ. ನನಗೂ ಭಾವನಿಗೂ ಎರಡೂ ಕಡೆ ಆಗುವ ದೋಣಿ ಬೇಕಿತ್ತು. ಒಬ್ಬರು 18 ಅಡಿಯದ್ದು ತೋರಿಸಿದರು. ಹೊಸ ಬಣ್ಣ, ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಇಂಜಿನ್ ಸಮೇತ. ‘ಹೊಳೆಗೂ ಸೈ, ಸಮುದ್ರಕ್ಕೂ ಸೈ’ ಅಂದರು. ಬೆಳಿಗ್ಗೆ ಬೆಳಿಗ್ಗೆ ಹೊಳೆಯಲ್ಲಿ ಓಡಿಸಿ ತೋರಿಸಿದರು. ಚೆನ್ನಾಗೇ ಓಡಿತು. ಅಳಿವೆ ಹತ್ತಿರ ಹೋಗಿ ಬರೋಣ ಅಂದೆವು. ಪೆಟ್ರೋಲ್ ಕಮ್ಮಿ ಇದೆ ಅಂದರು. ಮಧ್ಯಾಹ್ನ ಬರ್ತೀವಿ ಅಂದೆವು. ಆಗ ಬೇರೆ ಕೆಲಸ ಇದೆಯಂತೆ.

ಗಮನಿಸಬೇಕಾದದ್ದು ಇದನ್ನೇ. ನಮ್ಮ ಕರಾವಳಿಯಲ್ಲಿ ಕಡಲ ಗಾಳಿ ಏಳುವುದು ಮಧ್ಯಾಹ್ನ. ಬೆಳಗಿನ ಹೊಳೆಯಲ್ಲಿ ಯಾವ ದೋಣಿಯೂ ಚೆನ್ನಾಗೇ ಓಡುತ್ತದೆ. ನಾವು ಅಷ್ಟನ್ನೇ ನೋಡಿ ತಗೊಂಡುಬಿಟ್ಟೆವು.

ಕಡಲಲ್ಲಿರುವ ಬಸವರಾಜ ದುರ್ಗ ದ್ವೀಪದ ಕಡೆ ಗಾಳ ಹಾಕಲು ಹೋದ ದಿನ ಬಣ್ಣ ಬಯಲಾಯಿತು. ದೋಣಿಯ ತಳ ಚಪ್ಪಟೆ. ಪ್ರತಿ ತೆರೆ ಇಳಿಯುವಾಗಲೂ ದಬ್ ದಬ್ ಅಂತ ಹೊಡೆತ, ಸೊಂಟ ಹಿಡಿದುಕೊಂಡಿತು. ಆದರೂ ಅದು ಸಣ್ಣ ವಿಷಯ. ವಾಪಸ್ ಬರುವಾಗ ಇಳಿತ ಶುರುವಾಗಿತ್ತು. ಹೊಳೆಯ ನೀರು ಹೊರಗೆ ನುಗ್ಗುತ್ತಿತ್ತು, ಗಾಳಿ ತೆರೆಗಳನ್ನು ಒಳಗೆ ತಳ್ಳುತ್ತಿತ್ತು. ಎರಡೂ ಮರಳ ದಿಬ್ಬದ ಮೇಲೆ ಎದುರಾದರೆ ತೆರೆ ಗೋಡೆಯ ಹಾಗೆ ಎದ್ದು ಒಡೆಯುತ್ತದೆ. ಹಾಗೆ ಎದ್ದ ಒಂದು ತೆರೆ ನಮ್ಮ ಹಿಂದಿನಿಂದ ಬಂದು ಇಂಜಿನ್ ಹಲಗೆ (ಇಂಜಿನ್ ತೂಗುಹಾಕುವ ಹಿಂಬದಿಯ ಗೋಡೆ) ಮೇಲೇ ದಾಟಿತು. ಆ ಹಲಗೆ ಗಿಡ್ಡ ಶಾಫ್ಟಿನ, ಅಂದರೆ ನೀರಿಗೆ ಇಳಿಯುವ ಕಾಲು ಗಿಡ್ಡ ಇರುವ, ಇಂಜಿನ್‌ಗೆ ಮಾಡಿದ್ದು, 15 ಇಂಚು ಎತ್ತರ. ಒಳಗೆ ಬಂದ ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಇನ್ನೊಂದು ತೆರೆಗೆ ಇಂಜಿನ್ ನಿಂತಿತು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು, ಪುಣ್ಯ. ನಾಡದೋಣಿಯವರು ಹಗ್ಗ ಎಸೆದು ಎಳೆದು ತಂದರು. ‘ಇದು ಹೊಳೆ ದೋಣಿ ಮಾರಾಯ್ರೆ, ಇದನ್ನ ತಗೊಂಡು ಹೊರಗೆ ಹೋಗಿದ್ರಾ?’ ಅಂತ ಬೈದರು.

ದಡದಲ್ಲಿ ಫೈಬರ್ ಕೆಲಸದವರು ಸುತ್ತಿಗೆಯಿಂದ ತಟ್ಟಿ ನೋಡಿದರು. ಗಟ್ಟಿ ಇದ್ದಲ್ಲಿ ಟಕ್ ಅನ್ನಬೇಕು. ಇಂಜಿನ್ ಹಲಗೆ ಬರೀ ಮಂಕಾಗಿ ಸದ್ದು ಮಾಡಿತು. ತೂತು ಕೊರೆದರೆ ಕಪ್ಪಗೆ ಕೊಳೆತ ಪ್ಲೈವುಡ್ ಬಂತು. ನಾವು ಕಾಲಿಡುವ ಒಳಹಾಸಿನ ಕೆಳಗಿನ ಫೋಮ್ ಕೂಡ ನೀರು ಕುಡಿದಿತ್ತು. ಅಂದರೆ ದೋಣಿ ಮೊದಲೇ ಭಾರವಾಗಿ ಹಿಂದೆ ತಗ್ಗಿತ್ತು. ಹೊಸ ಬಣ್ಣ ಯಾಕೆ ಅಂತ ಆಮೇಲೆ ಅರ್ಥವಾಯಿತು. ಮಾರಿದವರನ್ನು ಕೇಳಿದರೆ ‘ನೀವು ನೋಡಿಯೇ ತಗೊಂಡಿದ್ದಲ್ವಾ’ ಅಂದರು.

ಹಾಗಾದರೆ ತಳ ಚೂಪಾಗಿದ್ದರೆ ಸಾಕಾ? ಅದೂ ಇಲ್ಲ. ಹಿಂಭಾಗದಲ್ಲೂ ಓರೆ 20 ಡಿಗ್ರಿಗಿಂತ ಜಾಸ್ತಿ ಇರುವ ಆಳದ ‘ವಿ’ ತಳ ತೆರೆಯನ್ನು ಚೆನ್ನಾಗಿ ಸೀಳುತ್ತದೆ. ಆದರೆ ನೀರಿನಲ್ಲಿ ಜಾಸ್ತಿ ಮುಳುಗುತ್ತದೆ, ಹೊಳೆಯ ಮರಳಿಗೆ ಕೂರುತ್ತದೆ, ನಿಲ್ಲಿಸಿ ಬಲೆ ಎಳೆಯುವಾಗ ಜಾಸ್ತಿ ಹೊರಳಾಡುತ್ತದೆ. ಮುಂದೆ ಚೂಪು, ಹಿಂದೆ ಬರುತ್ತಾ 12–15 ಡಿಗ್ರಿಗೆ ಇಳಿಯುವ ತಳ ಎರಡಕ್ಕೂ ಒಂದು ಮಟ್ಟಿಗೆ ಆಗುತ್ತದೆ. ಅದರಲ್ಲೂ ಹೊಳೆಯಲ್ಲಿ ಸ್ವಲ್ಪ, ಕಡಲಲ್ಲಿ ಸ್ವಲ್ಪ ಬಿಟ್ಟುಕೊಡಲೇಬೇಕು. ಇಂಜಿನ್ ಹಲಗೆ 20 ಇಂಚಿಗೆ ಕಮ್ಮಿ ಬೇಡ, ಇಂಜಿನ್ನೂ ಅದಕ್ಕೆ ಹೊಂದುವ ಉದ್ದ ಶಾಫ್ಟಿನದ್ದೇ ಇರಲಿ. ತೆಳು ನೀರಿನಲ್ಲಿ ಅದನ್ನು ಸ್ವಲ್ಪ ಎತ್ತಿ ಓಡಿಸಬಹುದು. ಇಬ್ಬರು ಹಿಂದಿನ ಮೂಲೆಯಲ್ಲಿ ನಿಂತು ನೋಡಿ, ನೀರು ಎಲ್ಲಿವರೆಗೆ ಬರುತ್ತದೆ ಅಂತ. ನೋಂದಣಿ ಕಾಗದ ಕೇಳುವುದಂತೂ ಇದ್ದೇ ಇದೆ.

ಟ್ರಯಲ್ ಮಾತ್ರ ಮಧ್ಯಾಹ್ನದ ಮೇಲೆ, ಅಳಿವೆಯ ನೀರು ಗೊತ್ತಿರುವ ತಂಡೇಲರೊಬ್ಬರನ್ನು (ದೋಣಿ ನಡೆಸುವವರು) ಕೂರಿಸಿಕೊಂಡೇ ಆಗಲಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ. ನಮಗೆ ಮಾರಿದವರು ಈಗ ಇನ್ನೊಂದು ದೋಣಿಗೆ ಬಣ್ಣ ಹೊಡೆಸುತ್ತಿದ್ದಾರೆ ಅಂತ ಸುದ್ದಿ.